ಹೆಸರು ಬದಲಿಸುವ ಮುನ್ನ ಸ್ಪೆಲ್ಲಿಂಗ್ ಗಟ್ಟಿ ಮಾಡಿಕೊಳ್ಳಿ

ಭಾರತದಲ್ಲಿ 18 ತುಂಬಿದವರು ಹೆಸರು ಬದಲಿಸಿಕೊಳ್ಳಲು ಸಾಮಾನ್ಯವಾಗಿ ಕೋರ್ಟಿಗೆ ಅಲೆಯಬೇಕಿಲ್ಲ. ಅಫಿಡವಿಟ್ (ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ), ಪತ್ರಿಕಾ ಪ್ರಕಟಣೆ, ಗೆಜೆಟ್ (ಸರ್ಕಾರದ ಅಧಿಕೃತ ರಾಜ್ಯಪತ್ರ): ಇಷ್ಟೇ ದಾರಿ. ಕೆಲಸ ಕೆಡುವುದು ಅದಕ್ಕೂ ಮೊದಲೇ, ಹೊಸ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ತೀರ್ಮಾನಿಸದೆ ನೋಟರಿ ಮುಂದೆ ಕೂತಾಗ.

ನಮ್ಮಲ್ಲಿ ದೊಡ್ಡ ತೊಡಕು ಇನಿಷಿಯಲ್‌ನದು. ಊರು, ತಂದೆಯ ಹೆಸರು ಎಲ್ಲವೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ನಿಂತಿರುತ್ತವೆ. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರಿನ ಜಾಗಕ್ಕೆ ಇನಿಷಿಯಲ್ ನಡೆಯುವುದಿಲ್ಲ. ಪಾಸ್‌ಪೋರ್ಟಿಗೂ ಬಿಡಿಸಿಯೇ ಬರೆಯಬೇಕು. ಆದ್ದರಿಂದ ‘ಆರ್. ಸುರೇಶ’ ಎಂದಿದ್ದವರು ‘ಸುರೇಶ್ ರಾಮಯ್ಯ’ ಆಗುವುದಾದರೆ ಯಾವುದು ಹೆಸರು, ಯಾವುದು ಸರ್‌ನೇಮ್, ನಡುವೆ ಜಾಗ ಎಲ್ಲಿ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟು, ಮುಂದೆ ಎಲ್ಲ ಕಡೆಯೂ ಅದನ್ನೇ ನೋಡಿ ಬರೆಯಿರಿ.

ಅಫಿಡವಿಟ್ಟನ್ನು ಛಾಪಾ ಕಾಗದದ ಮೇಲೆ ಮಾಡಿಸಿ, ನೋಟರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಸಹಿ ಹಾಕಬೇಕು. ಹಳೆಯ ಹೆಸರು, ಹೊಸ ಹೆಸರು, ತಂದೆ ಅಥವಾ ಗಂಡ-ಹೆಂಡತಿಯ ಹೆಸರು, ವಿಳಾಸ, ಕಾರಣ ಅದರಲ್ಲಿರಲಿ. ಹಳೆಯ ದಾಖಲೆಗಳಲ್ಲೇ ಎರಡು ಬಗೆಯ ಸ್ಪೆಲ್ಲಿಂಗ್ ಇದ್ದರೆ ಎರಡನ್ನೂ ಸೇರಿಸಿ, ಎರಡೂ ಒಬ್ಬರದೇ ಎಂದು ಬರೆಸಿ. ಇದನ್ನು ಬಿಟ್ಟವರಿಗೆ ಬ್ಯಾಂಕಿನಲ್ಲೋ ಪಾಸ್‌ಪೋರ್ಟ್ ಕಚೇರಿಯಲ್ಲೋ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬಳಿಕ ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ. ಕತ್ತರಿಸಿದ ತುಣುಕಲ್ಲ, ದಿನಾಂಕ ಕಾಣುವ ಇಡೀ ಪತ್ರಿಕೆಯನ್ನೇ ಇಟ್ಟುಕೊಳ್ಳಿ.

ಕೇಂದ್ರ ಗೆಜೆಟ್ಟಿಗೆ ಅರ್ಜಿ ದೆಹಲಿಯ ಪ್ರಕಟಣಾ ಇಲಾಖೆಗೆ ಹೋಗುತ್ತದೆ. ನಿಗದಿತ ನಮೂನೆಗೆ ನಿಮ್ಮ ಸಹಿಯ ಜೊತೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಅಫಿಡವಿಟ್, ಪತ್ರಿಕೆ, ಗುರುತಿನ ಚೀಟಿ, ಫೋಟೋ ಲಗತ್ತಿಸಬೇಕು. ಕಾಗದದ ಪ್ರತಿಗೂ ಸಾಫ್ಟ್ ಕಾಪಿಗೂ ಒಂದು ಅಕ್ಷರ ವ್ಯತ್ಯಾಸವಿರಬಾರದು. ತಪ್ಪು ಅಚ್ಚಾದ ಮೇಲೆ ತಿದ್ದುವುದು ಬಹಳ ಕಷ್ಟ. ಪ್ರಕಟವಾದ ಪ್ರತಿ ಇ-ಗೆಜೆಟ್ ಜಾಲತಾಣದಲ್ಲಿ ಸಿಗುತ್ತದೆ; ಇಳಿಸಿಕೊಂಡು ಜೋಪಾನ ಮಾಡಿ.

ಗೆಜೆಟ್ ಕೈಗೆ ಬಂದ ಮೇಲೆ ಮೊದಲು ಆಧಾರ್. ಅದರಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ದುಡುಕಿ ಒಂದನ್ನು ಕಳೆದುಕೊಳ್ಳಬೇಡಿ. ಆಮೇಲೆ ಪ್ಯಾನ್, ಸಂಖ್ಯೆ ಬದಲಾಗದು, ಹೊಸ ಪ್ಯಾನಿಗೆ ಅರ್ಜಿ ಹಾಕಲೇಬಾರದು. ಮತದಾರರ ಪಟ್ಟಿಗೆ ನಮೂನೆ 8. ಪಾಸ್‌ಪೋರ್ಟಿನಲ್ಲಿ ‘ಮರುವಿತರಣೆ’ (ರೀ-ಇಶ್ಯೂ) ಆರಿಸಬೇಕು.

ಮದುವೆಯಾದ ಹೆಣ್ಣುಮಕ್ಕಳು ಹೆಸರು ಬದಲಿಸಲೇಬೇಕೆಂಬ ಕಾನೂನು ಇಲ್ಲ. ಯಾರಾದರೂ ಹಾಗೆ ಒತ್ತಾಯಿಸಿದರೆ ಧೈರ್ಯವಾಗಿ ಇಲ್ಲವೆನ್ನಿ. ಗಂಡನ ಹೆಸರು ಸೇರಿಸಿಕೊಳ್ಳುವ ಇಷ್ಟವಿದ್ದರೆ ಹಲವು ಕಡೆ ವಿವಾಹ ನೋಂದಣಿ ಪತ್ರವೇ ಸಾಕಾಗುತ್ತದೆ.

ಅಂಕಪಟ್ಟಿ ಮಾತ್ರ ಹಟಮಾರಿ. ಹೆಸರು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು 2021ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಪ್ರತಿ ಪರೀಕ್ಷಾ ಮಂಡಳಿಗೆ ತನ್ನದೇ ನಿಯಮವಿದೆ. ತಿದ್ದಲಾಗದಿದ್ದರೆ ಅಂಕಪಟ್ಟಿಯ ಜೊತೆ ಗೆಜೆಟ್ ಪ್ರತಿ ಇಡಿ. ಹಳೆಯ ಕ್ರಯಪತ್ರಕ್ಕೂ ಇದೇ ಉಪಾಯ: ಆಸ್ತಿ ಮಾರುವಾಗ ಹೊಸ ಪತ್ರದಲ್ಲಿ ಎರಡೂ ಹೆಸರು, ಗೆಜೆಟ್ ದಿನಾಂಕ ನಮೂದಿಸಲು ಬರೆಯುವವರಿಗೆ ಹೇಳಿ.