ಬೋಂಡಾಕ್ಕೆ ಒಂದು ಗಡ್ಡೆ, ಪಲ್ಯಕ್ಕೆ ಇನ್ನೊಂದು

ನಮ್ಮ ಕೊಪ್ಪಳ, ಗಂಗಾವತಿ ಕಡೆ ಮನೆಯಲ್ಲಿ ಆಲೂಗಡ್ಡೆ ಬೆಳೆಯಲು ಹೋದವರ ಕತೆ ಹೆಚ್ಚುಕಡಿಮೆ ಒಂದೇ. ಅಡುಗೆಮನೆ ಬುಟ್ಟಿಯಲ್ಲಿ ಮೊಳಕೆ ಬಂದ ಗಡ್ಡೆ ಕಾಣುತ್ತದೆ. ಮುಂಗಾರಿನ ನಾಲ್ಕು ಹನಿ ಬಿದ್ದ ಕೂಡಲೇ ಕುಂಡಕ್ಕೆ ಹಾಕುತ್ತಾರೆ. ಎಲೆ ಹುಲುಸಾಗಿ ಬರುತ್ತದೆ, ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹೋಗುತ್ತದೆ. ಕಿತ್ತು ನೋಡಿದರೆ ಗೋಲಿಯಷ್ಟಿರುವ ನಾಲ್ಕು ಗಡ್ಡೆ. ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ.

ಗಡ್ಡೆ ಕಟ್ಟಬೇಕಾದರೆ ರಾತ್ರಿ ತಂಪಿರಬೇಕು, 20 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು. ನಮ್ಮ ಬಿಸಿಲುನಾಡಿನಲ್ಲಿ ಆ ತಂಪು ಸಿಗುವುದು ಚಳಿಗಾಲದ ಎರಡು ಮೂರು ತಿಂಗಳು ಮಾತ್ರ. ಹಾಗಾಗಿ ದೀಪಾವಳಿ ಆಸುಪಾಸಿನಲ್ಲಿ ನೆಡಿ, 80–90 ದಿನಕ್ಕೆ ಕೀಳಿ. ತಡವಾಗಿ ಬರುವ ತಳಿ ನಮಗೆ ಬೇಡ.

ಮೊದಲು ಏನು ಅಡುಗೆ ಮಾಡ್ತೀರಿ ಅಂತ ತೀರ್ಮಾನಿಸಿ, ಆಮೇಲೆ ತಳಿ. ಬೋಂಡಾ, ದೋಸೆ ಪಲ್ಯಕ್ಕೆ ಬೆಂದ ಕೂಡಲೇ ಹಿಟ್ಟಾಗುವ ಗಡ್ಡೆ ಬೇಕು. ಜೋಳದ ರೊಟ್ಟಿ ಜೊತೆಗಿನ ಆಲೂ–ಬದನೆಕಾಯಿ ಪಲ್ಯಕ್ಕೆ ಹೋಳು ಕರಗದ ಗಡ್ಡೆ ಬೇಕು.

ನಮ್ಮ ದೇಶದ ಹೆಚ್ಚಿನ ತಳಿಗಳ ಹೆಸರಿನ ಮುಂದೆ ‘ಕುಫ್ರಿ’ ಇರುತ್ತದೆ. ಅದು ಶಿಮ್ಲಾ ಹತ್ತಿರದ ಊರು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಕೊಟ್ಟ ತಳಿಗಳಿವು. 1968ರಲ್ಲಿ ಬಂದ ಕುಫ್ರಿ ಜ್ಯೋತಿ ಹಾಸನದ ಹೊಲಗಳಲ್ಲಿ ಇವತ್ತಿಗೂ ಇದೆ, ಎಲ್ಲ ಅಡುಗೆಗೂ ಹೊಂದಿಕೊಳ್ಳುತ್ತದೆ. ರುಚಿಗೆ ನನ್ನ ಓಟು ಕುಫ್ರಿ ಚಂದ್ರಮುಖಿಗೆ. ಬೇಗ ಬರುತ್ತದೆ, ಬೆಂದರೆ ಹಿಟ್ಟುಹಿಟ್ಟು. ಸೆಕೆ ತಡೆಯುವುದು ಕುಫ್ರಿ ಸೂರ್ಯ. ಮೊದಲ ಸಲ ಬೆಳೆಯುವವರು ಇದನ್ನೇ ಹುಡುಕಿ. ಕುಫ್ರಿ ಪುಖರಾಜ್ ಬೇಗ ಬರುತ್ತದೆ, ಇಳುವರಿಯೂ ಜಾಸ್ತಿ, ಆದರೆ ನೀರು ನೀರು. ಹೋಳಿನ ಪಲ್ಯಕ್ಕೆ ಸರಿ, ಬೋಂಡಾಕ್ಕೆ ಖಂಡಿತ ಬೇಡ. ಚಿಪ್ಸೋನಾ ಅಂತ ಚಿಪ್ಸ್‌ಗೆಂದೇ ಮಾಡಿದ ತಳಿ ಇದೆ. ರುಚಿ ಚೆನ್ನ, ಆದರೆ ಅದು 110 ದಿನದ ಹತ್ತಿರ ಬೇಡುತ್ತದೆ. ಅಷ್ಟರಲ್ಲಿ ನಮ್ಮಲ್ಲಿ ಬಿಸಿಲು ಏರಿರುತ್ತದೆ.

ಎಲ್ಲರೂ ಎಡವುವುದು ಬಿತ್ತನೆ ಗಡ್ಡೆಯಲ್ಲಿ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಎಷ್ಟೋ ಗಡ್ಡೆಗಳಿಗೆ ಮೊಳಕೆ ಬಾರದಂತೆ ಔಷಧಿ ಕೊಟ್ಟಿರುತ್ತಾರೆ. ಮೊಳಕೆ ಬಂದರೂ ಯಾವ ತಳಿ ಅಂತ ಅಂಗಡಿಯವನಿಗೇ ಗೊತ್ತಿರುವುದಿಲ್ಲ. ಆನ್‌ಲೈನ್‌ನಲ್ಲಿ ‘ಕಪ್ಪು ಆಲೂಗಡ್ಡೆ ಬೀಜ’ ಎಂಬ ಪುಟ್ಟ ಪೊಟ್ಟಣ ಸಿಗುತ್ತದಲ್ವಾ, ಅದಕ್ಕೆ ದುಡ್ಡು ಹಾಕಬೇಡಿ. ನಾನು ಹಾಕಿದ್ದೆ. ಏನೋ ಒಂದು ಹುಟ್ಟಿತು, ಆಲೂಗಡ್ಡೆಯಂತೂ ಅಲ್ಲ.

ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಇಲ್ಲವೇ ಹಾಸನ, ಚಿಕ್ಕಬಳ್ಳಾಪುರದ ಕಡೆ ನೆಂಟರಿದ್ದರೆ ಅವರನ್ನು ಹಿಡಿಯಿರಿ. ಅಲ್ಲಿ ಮುಂಗಾರಿಗೆ ಹಾಕಿದ ಬೆಳೆ ಆಗಸ್ಟ್–ಸೆಪ್ಟೆಂಬರ್‌ಗೆ ಕೀಳುತ್ತಾರೆ. ಕಿತ್ತ ಗಡ್ಡೆ ಆರೆಂಟು ವಾರ ನಿದ್ದೆಯಲ್ಲಿರುತ್ತದೆ, ತಾನಾಗಿ ಮೊಳೆಯುವುದಿಲ್ಲ. ನಿದ್ದೆ ಮುಗಿಯುವ ಹೊತ್ತಿಗೆ ನಮ್ಮ ನಾಟಿ ಕಾಲ. ಕೋಳಿಮೊಟ್ಟೆ ಗಾತ್ರದ ಇಡೀ ಗಡ್ಡೆ ಕೇಳಿ. ದೊಡ್ಡದನ್ನು ಕೊಯ್ದು ನೆಡುವ ಉಳಿತಾಯ ನಮ್ಮ ಸೆಕೆಯಲ್ಲಿ ಕೊಳೆತು ಹೋಗುತ್ತದೆ. ಆದರೂ ಒಂದನ್ನು ಕೊಯ್ದು ನೋಡಿ. ಒಳಗೆ ಕಂದು ಉಂಗುರ ಕಂಡು, ಒತ್ತಿದರೆ ಹಾಲಿನಂಥ ರಸ ಬಂದರೆ ಅದು ದುಂಡಾಣು ಸೊರಗು ರೋಗ. ಆ ಚೀಲವನ್ನೇ ತಗೋಬೇಡಿ, ಮಣ್ಣಿಗೂ ಅಂಟಿಕೊಳ್ಳುತ್ತದೆ.

ತಂದ ಗಡ್ಡೆಯನ್ನು ಮೊಟ್ಟೆ ಟ್ರೇಯಲ್ಲಿ ಕಣ್ಣು ಮೇಲಾಗಿ ಜೋಡಿಸಿ, ನೆರಳಿನಲ್ಲಿ, ಬೆಳಕು ಬೀಳುವ ಕಡೆ ಇಡಿ. ಕತ್ತಲಲ್ಲಿಟ್ಟರೆ ಮೊಳಕೆ ಬೆಳ್ಳಗೆ, ಉದ್ದಕ್ಕೆ ಬಂದು ಮುಟ್ಟಿದರೆ ಮುರಿಯುತ್ತದೆ. ಬೆಳಕಿದ್ದರೆ ಗಿಡ್ಡಗೆ, ಗಟ್ಟಿಯಾಗಿ ಬರುತ್ತದೆ. ಒಂದು ಸೆಂಟಿಮೀಟರ್ ಆದರೆ ಸಾಕು.

ನೆಡುವುದು ಸುಲಭ: 25 ಕೆಜಿ ಅಕ್ಕಿ ಚೀಲದ ತಳಕ್ಕೆ ತೂತು ಹಾಕಿ, ಮಸಾರಿ (ಕೆಂಪು) ಮಣ್ಣು, ಹಳೆಯ ಗೊಬ್ಬರ ತುಂಬಿ, ಎರಡು ಗಡ್ಡೆ ಹೂತು, ಗಿಡ ಬೆಳೆದಂತೆ ಮಣ್ಣು ಏರಿಸುತ್ತಾ ಹೋಗಿ. ಬರೀ ಎರೆಮಣ್ಣು (ಕಪ್ಪು ಮಣ್ಣು) ಬೇಡ, ನೀರು ಹಿಡಿದು ಗಡ್ಡೆ ಕೊಳೆಯುತ್ತದೆ. ಮೇಲೆ ಭತ್ತದ ಹುಲ್ಲು ಹೊದಿಸಿ. ಬಿಸಿಲು ತಾಗಿ ಹಸಿರಾದ ಗಡ್ಡೆಯಲ್ಲಿ ಸೋಲನೈನ್ ಎಂಬ ವಿಷ ಜಾಸ್ತಿಯಾಗಿರುತ್ತದೆ, ತಿನ್ನಬೇಡಿ.

ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಕೀಳಿ. ಫ್ರಿಜ್‌ಗೆ ಹಾಕಬೇಡಿ. ತಣ್ಣಗಾದರೆ ಹಿಟ್ಟು ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ.

ಇನ್ನು ಯಾವುದು ಯಾವ ಅಡುಗೆಗೆ? ಹನ್ನೊಂದು ಲೋಟ ನೀರಿಗೆ ಒಂದು ಲೋಟ ಪುಡಿ ಉಪ್ಪು ಕರಗಿಸಿ, ಗಡ್ಡೆ ಬಿಡಿ. ಮುಳುಗಿದ್ದು ಬೋಂಡಾಕ್ಕೆ, ತೇಲಿದ್ದು ಬದನೆಕಾಯಿ ಜೊತೆಗೆ.