ಮೂರು ಮನೆತನದ ಹೆಸರಿನ ಜೆಸ್ಸಿ

ನಮ್ಮ ಅತ್ತೆ ಸ್ಕಾಟ್ಲೆಂಡಿನ ಡಂಡೀ ಊರಿನವರು. ಒಂದು ಚಳಿಗಾಲದ ಸಂಜೆ ಟೀ ಕುಡಿಯುತ್ತಾ, "ನಮ್ಮಜ್ಜಿಯ ಅಜ್ಜಿ ಜೆಸ್ಸಿ ಅಂತ ಇದ್ದಳಂತೆ. ಎಲ್ಲಿಯವಳೋ ಯಾರಿಗೂ ಗೊತ್ತಿಲ್ಲ" ಎಂದರು. ನಾನು ಹಾಸನದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಹುಡುಕಿ ಕೊಡ್ತೀನಿ ಅಂತ ಸುಮ್ನೆ ಒಂದು ಮಾತು ಹೇಳಿಬಿಟ್ಟೆ. ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ವಾರವೇ ತಪ್ಪು ಮಾಡಿದೆ. ಇಲ್ಲಿನ ಸರ್ಕಾರದ ಹಳೆಯ ದಾಖಲೆಗಳ ತಾಣ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಜೆಸ್ಸಿಯ ಹುಟ್ಟನ್ನೇ ನೇರವಾಗಿ ಹುಡುಕಿದೆ. ಹಳೆಯ ದಾಖಲೆಯ ಒಂದು ಚಿತ್ರ ತೆರೆಯಲು ಆಗ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್ ಆಗುತ್ತಿತ್ತು. ಒಂಬತ್ತು ಚಿತ್ರ ಕೊಂಡೆ, ಒಂಬತ್ತೂ ಬೇರೆಯವರ ಮಕ್ಕಳು. ಆಮೇಲೆ ತಿಳಿಯಿತು, ಇಲ್ಲಿ ಜೆಸ್ಸಿ ಎಂದರೆ ಎಷ್ಟೋ ಸಲ ಜಾನೆಟ್‌ನ ಮುದ್ದಿನ ಹೆಸರು. ಜೀನ್, ಜೇನ್ ಕೂಡ ಒಂದರ ಬದಲು ಇನ್ನೊಂದು ಬರುತ್ತವೆ. ಡೊನಾಲ್ಡ್ ಇನ್ನೊಂದು ಕಾಗದದಲ್ಲಿ ಡೇನಿಯಲ್, ಪ್ಯಾಟ್ರಿಕ್ ಹೋಗಿ ಪೀಟರ್. ನಮ್ಮಲ್ಲಿ ಪುಟ್ಟಮ್ಮ ಎಂದು ಕರೆಸಿಕೊಂಡವರ ನಿಜವಾದ ಹೆಸರು ಮೊಮ್ಮಕ್ಕಳಿಗೂ ಗೊತ್ತಿರುವುದಿಲ್ಲ, ಅಲ್ವಾ? ಹಾಗೆ.

ಸರಿ, ಸಾವಿನಿಂದ ಹಿಂದಕ್ಕೆ ಹೊರಟೆ. ಸರ್ಕಾರಿ ನೋಂದಣಿ ಇಲ್ಲಿ ಶುರುವಾದದ್ದು 1855ರ ಜನವರಿ 1ಕ್ಕೆ. ಸ್ಕಾಟ್ಲೆಂಡಿನ ಮರಣ ದಾಖಲೆಯಲ್ಲಿ ಸತ್ತವರ ತಂದೆ, ತಾಯಿ ಇಬ್ಬರ ಹೆಸರೂ ಇರುತ್ತದೆ. ತಾಯಿಯದು ತವರಿನ ಹೆಸರಿನ ಜೊತೆಗೆ. ಇದೊಂದು ದೊಡ್ಡ ಉಪಕಾರ. ಜೆಸ್ಸಿ ತೀರಿಕೊಂಡದ್ದು 1902ರಲ್ಲಿ. ಅಪ್ಪನ ಹೆಸರು ಸಿಕ್ಕಿತು, ಅತ್ತೆಗೂ ಹೇಳಿದೆ. ಅವಸರ ಮಾಡಬಾರದಿತ್ತು. 1860ರ ಮದುವೆ ದಾಖಲೆ ತೆಗೆದರೆ ಅಲ್ಲಿ ಅಪ್ಪ ಬೇರೆ! ಉಳುಮೆ ಕೆಲಸದ ಆಳು, ಮನೆತನದ ಹೆಸರೂ ಬೇರೆ. ಇದು ಸಾಲದು ಎಂಬಂತೆ ಜೆಸ್ಸಿಯ ಸ್ವಂತ ಮನೆತನದ ಹೆಸರು ಇಬ್ಬರದ್ದೂ ಅಲ್ಲ, ತಾಯಿಯ ತವರಿನದು. ಒಬ್ಬ ಹೆಂಗಸಿಗೆ ಮೂರು ಮನೆತನ.

ಆಗ ನೋಡಬೇಕಾದದ್ದು ಮಾಹಿತಿ ಕೊಟ್ಟವರು ಯಾರು ಎಂದು. ಮದುವೆಯಲ್ಲಿ ಹೇಳಿದವಳು ಜೆಸ್ಸಿಯೇ. ಸಾವನ್ನು ಬರೆಸಿದವನು ಅಳಿಯ. ಅವನು ತನಗೆ ಗೊತ್ತಿದ್ದ 'ತಾತ'ನ ಹೆಸರು ಬರೆಸಿದ್ದ. ಅಂದರೆ ಆ 'ತಾತ' ಜೆಸ್ಸಿಯ ಮಲತಂದೆ ಇರಬೇಕು ಎಂದುಕೊಂಡೆ.

ಇಲ್ಲಿ ನನಗೆ ಅದೃಷ್ಟ ಕೈಹಿಡಿಯಿತು. 1855ರ ಒಂದೇ ವರ್ಷ ಇಲ್ಲಿನ ದಾಖಲೆಗಳು ವಿಪರೀತ ವಿವರವಾಗಿವೆ. ಮಗು ಹುಟ್ಟಿದರೆ ಅಪ್ಪ ಅಮ್ಮನ ವಯಸ್ಸು, ಹುಟ್ಟೂರು, ಎಲ್ಲಿ ಯಾವಾಗ ಮದುವೆ, ಹಿಂದೆ ಎಷ್ಟು ಮಕ್ಕಳು, ಎಲ್ಲವನ್ನೂ ಬರೆಯಬೇಕಿತ್ತು. ಗುಮಾಸ್ತರಿಗೆ ಸಾಕುಸಾಕಾಗಿರಬೇಕು, ಮರುವರ್ಷವೇ ಕಡಿಮೆ ಮಾಡಿದರು. ಆ ಮಲತಂದೆಗೆ 1855ರಲ್ಲಿ ಮಗುವಾಗಿತ್ತೇ ಎಂದು ಹುಡುಕಿದೆ. ಆಗಿತ್ತು, ಗಂಡು ಮಗು! ತಾಯಿಯ ಹುಟ್ಟೂರು ಕಿರಿಮ್ಯೂರ್ ಎಂಬ ಊರಿನ ಹತ್ತಿರದ ಒಂದು ಹಳ್ಳಿ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರಿನ ವ್ಯಾಪ್ತಿ), ಮದುವೆ 1844ರಲ್ಲಿ. ಅಷ್ಟು ಹೊತ್ತಿಗೆ ಜೆಸ್ಸಿಗೆ ಆರು ವರ್ಷ.

1841ರ ಜನಗಣತಿಯಲ್ಲಿ ಆ ಹಳ್ಳಿಯನ್ನು ಮನೆಮನೆಯೂ ಓದಿದೆ. ಅದರಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆದಿಲ್ಲ. ದೊಡ್ಡವರ ವಯಸ್ಸನ್ನೂ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. ಆದರೂ ವಯಸ್ಸಾದ ಗಂಡ ಹೆಂಡತಿ, ಒಬ್ಬ ಯುವತಿ, ಮೂರು ವರ್ಷದ ಜಾನೆಟ್, ಎಲ್ಲರಿಗೂ ಒಂದೇ ಮನೆತನದ ಹೆಸರು. ಇವಳೇ ಎಂದು ಮನಸ್ಸು ಹೇಳಿತು. ಮನಸ್ಸು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತೇನೆ, ದಾಖಲೆ ಹೇಳಿದ್ದನ್ನು ಪೆನ್ನಿನಲ್ಲಿ.

ಪ್ಯಾರಿಷ್ ಪುಸ್ತಕದಲ್ಲಿ ಅವಳ ಬ್ಯಾಪ್ಟಿಸಂ, ಅಂದರೆ ಚರ್ಚಿನ ದೀಕ್ಷಾಸ್ನಾನ, ಇರಲಿಲ್ಲ. ಇದು ಹೊಸ ವಿಷಯವೇನಲ್ಲ. 1553ರಿಂದ 1854ರವರೆಗಿನ ಆ ಪುಸ್ತಕಗಳು ಚರ್ಚ್ ಆಫ್ ಸ್ಕಾಟ್ಲೆಂಡಿನವು. ಬೇರೆ ಪಂಗಡಕ್ಕೆ ಹೋದವರು ಅದರಲ್ಲಿ ಸಿಗುವುದು ಅಪರೂಪ. 1783ರಿಂದ ಹತ್ತು ವರ್ಷ ಚಿಲ್ಲರೆ ಕಾಲ ಪ್ರತಿ ನಮೂದಿಗೆ ಮೂರು ಪೆನ್ನಿ ತೆರಿಗೆ ಇತ್ತು, ಅದಕ್ಕೆ ಹೆದರಿ ಬರೆಸದವರೂ ಇದ್ದರು. ನಮ್ಮ ಜೆಸ್ಸಿಯ ಕಾರಣ ಬೇರೆ. ಮದುವೆಯಿಲ್ಲದೆ ಮಗುವಾದರೆ ಹೆತ್ತವರು ಚರ್ಚಿನ ಶಿಸ್ತಿಗೆ ಒಳಪಟ್ಟ ಮೇಲೇ ಮಗುವಿಗೆ ಬ್ಯಾಪ್ಟಿಸಂ.

ಹಾಗಾದರೆ ವಿಚಾರಣೆ ನಡೆದಿರಬೇಕಲ್ಲ! ಕಿರ್ಕ್ ಸೆಷನ್ ಎಂದರೆ ಪಾದ್ರಿ ಮತ್ತು ಚರ್ಚಿನ ಹಿರಿಯರು ಕೂರುವ ಸಭೆ, ನಮ್ಮ ಅರಳಿಕಟ್ಟೆ ಪಂಚಾಯ್ತಿಯ ಹಾಗೆ. ಅದರ ನಡವಳಿ ಪುಸ್ತಕಗಳು ಬೇಕಾದಷ್ಟು ಉಳಿದಿವೆ, ಪರದೆಯ ಮೇಲೆ ಓದಲು ದುಡ್ಡೂ ಇಲ್ಲ. ಆದರೆ ಹೆಸರು ಹಾಕಿ ಹುಡುಕಲು ಬರುವುದಿಲ್ಲ, ಪುಟ ಮಗುಚಲೇಬೇಕು. ಬಸಿರು ಕಣ್ಣಿಗೆ ಬಿದ್ದ ಕೂಡಲೇ ವಿಚಾರಣೆ ಶುರುವಾಗಿರಬಹುದು ಎಂದು ಲೆಕ್ಕ ಹಾಕಿ 1837ರ ಬೇಸಿಗೆಯಿಂದ ಓದತೊಡಗಿದೆ. ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಪ್ರತಿ ಪ್ರಕರಣವೂ 'ಕಂಪಿಯರ್ಡ್' ಎಂಬ ಪದದಿಂದ ಶುರು, ಅಂದರೆ ಹಾಜರಾದಳು. ಆ ಪದವೊಂದನ್ನು ಗುರುತಿಸಲು ಕಲಿತ ಮೇಲೆ ಓದು ಸಲೀಸಾಯಿತು.

ಐದನೇ ಸಂಜೆ ಸಿಕ್ಕಳು, ಜೆಸ್ಸಿಯ ತಾಯಿ. ಹಾಜರಾದಳು, ಒಪ್ಪಿಕೊಂಡಳು, ಅಪ್ಪನ ಹೆಸರು ಹೇಳಿದಳು. ಪಕ್ಕದ ಹೊಲಮನೆಯ ಉಳುಮೆ ಆಳು. 1860ರ ಮದುವೆ ದಾಖಲೆಯಲ್ಲಿದ್ದ ಅದೇ ಹೆಸರು. ಅವನಿಗೆ ಎರಡು ಸಲ ಕರೆ ಹೋಯಿತು, ಬರಲಿಲ್ಲ. ನವೆಂಬರಿನ ಮಾರ್ಟಿನ್‌ಮಸ್ ಹಬ್ಬಕ್ಕೆ ಕೆಲಸದ ಅವಧಿ ಮುಗಿದು ಬೇರೆ ಹೊಲಮನೆಗೆ ಹೋಗಿದ್ದ. ಹೊಲದ ಆಳುಗಳು ಆರು ತಿಂಗಳಿಗೋ ವರ್ಷಕ್ಕೋ ಜಾಗ ಬದಲಿಸುತ್ತಿದ್ದರು. ಅವರ ಮಕ್ಕಳು ಒಂದೊಂದು ಪ್ಯಾರಿಷ್‌ನಲ್ಲಿ ಸಿಗುವುದು ಅದಕ್ಕೇ. ಮೂರನೇ ಸಲ ಬಂದ, ಒಪ್ಪಿಕೊಂಡ, ಬೈಸಿಕೊಂಡ. ಬ್ಯಾಪ್ಟಿಸಂ ನಮೂದು ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಇನ್ನೊಂದು ಸಾಕ್ಷಿ ಆಮೇಲೆ ಹೊಳೆಯಿತು. ಇಲ್ಲಿಯ ಹಳೆಯ ರೂಢಿಯಲ್ಲಿ ಮೊದಲ ಮಗನಿಗೆ ಗಂಡನ ಅಪ್ಪನ ಹೆಸರು, ಎರಡನೆಯವನಿಗೆ ಹೆಂಡತಿಯ ಅಪ್ಪನದು. ನಮ್ಮಣ್ಣನಿಗೂ ತಾತನ ಹೆಸರೇ, ಹಾಗಾಗಿ ನನಗೆ ಇದು ವಿಚಿತ್ರ ಅನಿಸಲಿಲ್ಲ. ಜೆಸ್ಸಿಯ ಎರಡನೇ ಮಗನ ಹೆಸರು ತೆಗೆದು ನೋಡಿದೆ. ಆ ಉಳುಮೆಯವನ ಹೆಸರು, ನಡುವೆ ಅವನ ಮನೆತನದ ಹೆಸರೂ!

ಅತ್ತೆಗೆ ಆ ಪುಟಗಳನ್ನು ಓದಿ ಹೇಳಿದೆ. ಅವನು ಎರಡು ಸಲ ಕರೆದರೂ ಬರಲಿಲ್ಲ ಎಂಬುದೇ ಅವರ ತಲೆಯಲ್ಲಿ ಕೂತಿದೆ. "ಆ ಮನುಷ್ಯನ ವಂಶ ನಮಗೆ ಬೇಡ" ಎಂದರು. ಮಗನಿಗೆ ಅವನ ಹೆಸರಿಟ್ಟ ಜೆಸ್ಸಿಗೇ ಇಲ್ಲದ ಕೋಪ ಇವರಿಗೆ ಯಾಕೋ. ನಾನು ಪಕ್ಕದ ಪ್ಯಾರಿಷ್‌ನ ಪುಸ್ತಕ ತೆರೆದಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ.