ಮಕ್ಕಳ ಮೆದುಳು ಜ್ವರಕ್ಕ ಅಸೈಕ್ಲೋವಿರ್ ಹಚ್ಚಿದಾಗ ಏನೇನ್ ನೋಡ್ಕೋಬೇಕು

ಕೂಸಿಗೆ ಜ್ವರದ ಜತಿಗೆ ಫಿಟ್ಸ್ ಬಂತು, ಇಲ್ಲಾ ಅವ್ವನ ಗುರ್ತೇ ಹಿಡಿಯವಲ್ದು, ಏನೇನೋ ಬಡಬಡಸ್ತದ ಅಂದ್ರ ಗಾಳಿ ಸೋಕ್ಯಾದಂತ ತಾಯತ ಕಟ್ಟಸ್ಲಿಕ್ಕ ಹೋಗಬ್ಯಾಡ್ರಿ, 108ಕ್ಕ ಫೋನ್ ಹಚ್ಚಿ ಕಲಬುರಗಿ ಜಿಮ್ಸ್ ಆಗ್ಲಿ ಬೀದರ್ ಬ್ರಿಮ್ಸ್ ಆಗ್ಲಿ, ದೊಡ್ಡ ದವಾಖಾನಿಗೇ ನಡೀರಿ. ಫಿಟ್ಸ್ ಬಂದಾಗ ಒಂದು ಮಗ್ಗಲಿಗೆ ಮಲಗಸ್ರಿ, ಬಾಯಾಗ ನೀರು, ಚಮಚ ಏನೂ ಹಾಕಬ್ಯಾಡ್ರಿ.

ಮೆದುಳು ಜ್ವರ ಹರ್ಪಿಸ್ ಅನ್ನೋ ವೈರಸ್ಸಿಂದ ಬಂದದ ಅಂತ ಡೌಟ್ ಬಂದ್ರ ಡಾಕ್ಟರು ರಿಪೋರ್ಟ್ ಬರೋತನ ಕಾಯಲ್ಲ, ಆ ವೈರಸ್ ತಡಿಯೋ ಔಷಧ ಅಸೈಕ್ಲೋವಿರ್ ಸುರು ಮಾಡ್ತಾರ, ಅದೇ ಸರಿ, ತಡಾ ಆದಷ್ಟು ಮೆದುಳಿಗೆ ಪೆಟ್ಟು ಜಾಸ್ತಿ. ಆ ವೈರಸ್ ಅದನೋ ಇಲ್ಲೋ ನೋಡೋ ಪಿಸಿಆರ್ ಟೆಸ್ಟಿಗೆ ಬೆನ್ನಾಗಿನ ನೀರು ತಗೀತಾರ. ಕಾಲು ಬಿದ್ದೋಗ್ತಾವ ಅಂತ ಹೆದ್ರಿ ಸಹಿ ಹಾಕದೇ ಇರೋರು ಭಾಳ ಮಂದಿ ಇದ್ದಾರ. ಸೂಜಿ ಹಾಕೋದು ಬೆನ್ನುಹುರಿ ಮುಗಿದ ಜಾಗದ ಕೆಳಗ್ರಿ, ಧೈರ್ಯ ಮಾಡ್ರಿ.

ಔಷಧ ನರಕ್ಕೇ ಹೋಗ್ಬೇಕು, ಸಾಮಾನ್ಯವಾಗಿ 8 ತಾಸಿಗೊಮ್ಮಿ, ಪ್ರತಿ ಸಲ ಸುಮಾರು 1 ತಾಸು ನಿಧಾನಕ್ಕ ಇಳೀಬೇಕು, ಬೇಗ ಮುಗೀಲಿ ಅಂತ ನೀವ್ ಡ್ರಿಪ್ಪಿನ ಗಾಲಿ ತಿರುವಬ್ಯಾಡ್ರಿ, ಗಡಬಡಿ ಮಾಡಿದ್ರ ಔಷಧ ಕಿಡ್ನ್ಯಾಗ ಹರಳುಗಟ್ಟತದ. ಅದಕ್ಕೇ ಸಲೈನ್ ಕೊಡೋದು, ಕಿಡ್ನಿ ಹೆಂಗದ ಅಂತ ರಕ್ತದಾಗ ಕ್ರಿಯಾಟಿನಿನ್ ನೋಡೋದು. ಕೂಸು ಉಚ್ಚಿ ಕಡಿಮಿ ಮಾಡಿದ್ರ, ಸೂಜಿ ಹಾಕಿದ ಕೈ ಬಾತು ಕೆಂಪಾದ್ರ ಆಗಿಂದಾಗ್ಲೇ ಸಿಸ್ಟರಿಗೆ ಹೇಳ್ರಿ, ರಾತ್ರಿ ಎರಡಾಗಿದ್ರೂ.

ಹರ್ಪಿಸ್ ಖಾತ್ರಿ ಆದ್ರ ಈ ಔಷಧ 14ರಿಂದ 21 ದಿನ, ಹಸಗೂಸಿಗೆ 21 ದಿನ. ಐದಾರು ದಿನಕ್ಕ ಕೂಸು ನಗ್ಲಿಕ್ಕತ್ತು, ಹೊಲದ ಕೆಲ್ಸ ನಿಂತದ, ಗುಳಿಗಿ ಬರಕೊಡ್ರಿ ಮನಿಗೆ ಹೋಗ್ತೀವಿ ಅನ್ನಬ್ಯಾಡ್ರಿ, ಗುಳಿಗಿ ಮೆದುಳಿಗೆ ಸಾಕಾಗಲ್ಲ, ರೋಗ ತಿರುಗಿ ಬರ್ತದ. ಜಪಾನೀಸ್ ಮೆದುಳು ಜ್ವರಕ್ಕ ಮಾತ್ರ ಈ ಔಷಧ ನಡೆಯಲ್ಲ, ಅದಕ್ಕ ಮೊದ್ಲೇ ಹಾಕ್ಸೋ ಲಸಿಕಿ ಅದ, ನಿಮ್ಮ ಆಶಾ ಕಾರ್ಯಕರ್ತೆಗೆ ಕೇಳ್ರಿ.